ಮೊದಲು ಗಾಡಿ ನಿಲ್ಲಲಿ, ಆಮೇಲೆ ಮಗು

ಕಾರಿನ ಬಾಗಿಲು ಮುಚ್ಚಿದ ಸದ್ದು ಕೇಳಿದರೆ ಸಾಕು, ಆ ಮನೆಯ ಮಗು ಕಿರುಚಲು ಶುರು. ವಯಸ್ಸು ಇಪ್ಪತ್ತು ತಿಂಗಳು, ಗಂಟಲು ಮಾತ್ರ ಲಾರಿಯದು. ಅದಕ್ಕೇ ಬೀದಿಯವರೆಲ್ಲ ಸೇರಿ ಅವಳಿಗೆ ಇಟ್ಟ ಹೆಸರು ಹಾರನ್ ಮರಿ.

ಅವಳಪ್ಪನ ಕೆಲಸ ಕಾರಿನ ಸೀಟು ಹೊಲಿಯುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಒಂದು ಹೊಲಿಗೆ ಯಂತ್ರ, ಗೋಡೆಗೆ ಒರಗಿದ ರೆಕ್ಸಿನ್ ಸುರುಳಿಗಳು, ಮೊಣಕಾಲೆತ್ತರಕ್ಕೆ ಸ್ಪಂಜಿನ ಚೂರು. ಅಮ್ಮ ಗೋದಾಮಿನಲ್ಲಿ ಸಣ್ಣ ಕ್ರೇನ್ ನಡೆಸುತ್ತಾಳೆ. ಈಗ ದೂರದ ಬಂದರಿನಿಂದ ಅವಳಿಗೆ ಪತ್ರ ಬಂದಿದೆ: ಇನ್ನು ಹನ್ನೆರಡು ದಿನಕ್ಕೆ ದೊಡ್ಡ ಕ್ರೇನಿನ ಪರೀಕ್ಷೆ, ಬನ್ನಿ. ಕರೆ ಬಂದ ಹೆಂಗಸು ಅವಳೊಬ್ಬಳೇ! ದಾರಿ ಎಂಟು ಗಂಟೆಯದು. ಮಗು ಇನ್ನೂ ಎದೆಹಾಲು ಬಿಟ್ಟಿಲ್ಲ, ಜೊತೆಗೇ ಕರೆದೊಯ್ಯಬೇಕು.

"ಎಂಟು ಗಂಟೆ ಈ ಅಳು ಯಾರು ಕೇಳ್ತಾರೆ? ಪರೀಕ್ಷೆ ಬಿಡು ತಾಯಿ, ಮಗು ದೊಡ್ಡದಾಗ್ಲಿ" ಎಂದರು ಅತ್ತೆ.

"ಬಿಡಲ್ಲ ಅತ್ತೆ. ಮಗು ದೊಡ್ಡದಾಗೋವರ್ಗೆ ಆ ಕ್ರೇನು ನನಗೋಸ್ಕರ ಕಾಯ್ತಾ ನಿಂತಿರತ್ತಾ?"

ನೋಡಿ, ಮಗು ಅತ್ತರೆ ಮೊದಲು ರದ್ದಾಗುವುದು ಯಾವಾಗಲೂ ತಾಯಿಯ ಕೆಲಸವೇ. ಸೀಟು ಸರಿಯಿದೆಯೇ ಎಂದು ಯಾರೂ ಬಗ್ಗಿ ನೋಡುವುದಿಲ್ಲ.

ಅತ್ತೆಯ ಹೆದರಿಕೆಗೂ ಕಾರಣವಿತ್ತು. ಮೂರು ತಿಂಗಳ ಹಿಂದೆ ಇಂಥದೇ ಪ್ರಯಾಣ. ಅಳು ತಾಳಲಾರದೆ ಅಪ್ಪ ಓಡುವ ಕಾರಿನಲ್ಲೇ ಬಕಲ್ ಬಿಚ್ಚಿ ಮಗುವನ್ನು ಮಡಿಲಿಗೆ ಎಳೆದುಕೊಂಡ. ನಾಯಿಯೊಂದು ಅಡ್ಡ ಬಂತು, ಬ್ರೇಕು ಬಿತ್ತು. ಮಗುವಿನ ಹಣೆ ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿಯಿತು. ಊರಿಗೆಲ್ಲ ಸೀಟು ಹೊಲಿಯುವವನ ಮಗಳ ಹಣೆಗೆ ಆಸ್ಪತ್ರೆಯವರು ಮೂರು ಹೊಲಿಗೆ ಹಾಕಿದರು.

ಅವತ್ತಿನಿಂದ ಅವನಿಗೆ ಒಂದೇ ಹಟ. ಮಗಳ ಸೀಟಿಗೆ ಸ್ಪಂಜಿನ ಮೇಲೆ ಸ್ಪಂಜು ಜೋಡಿಸಿ, ಮೇಲೆ ಕೆಂಪು ಮಖಮಲ್ಲು ಹೊದಿಸಿ, ಅಂಚಿಗೆ ಹಳದಿ ದಾರ ಕೊಟ್ಟು ಹೊಲಿದ. ರಾಣಿ ಕೂರುವಂಥ ಸೀಟು. ಆದರೂ ಅಳು ದುಪ್ಪಟ್ಟಾಯಿತು!

ಪತ್ರ ಬಂದ ದಿನವೇ ಪಕ್ಕದ ಮನೆಯ ನರ್ಸಕ್ಕ ತನ್ನ ಲಸಿಕೆ ಪೆಟ್ಟಿಗೆಯ ಪಟ್ಟಿ ಹೊಲಿಸಲು ಬಂದಳು. ಅತ್ತೆ ಮೆಲ್ಲಗೆ ಕೇಳಿದರು, "ಶೀತದ ಸಿರಪ್ಪು ಒಂದು ಚಮಚ ಜಾಸ್ತಿ ಕುಡಿಸಿದ್ರೆ ಮಲಗೇ ಬಿಡುತ್ತಂತಲ್ಲ? ಟ್ಯಾಕ್ಸಿಯವನು ಹೇಳ್ದ."

ನರ್ಸಕ್ಕ ಕುರ್ಚಿಯಿಂದ ಎದ್ದೇ ಬಿಟ್ಟಳು. "ಟ್ಯಾಕ್ಸಿಯವನು ಯಾವಾಗ ಡಾಕ್ಟ್ರಾದ ಅಜ್ಜಿ? ನಿದ್ದೆ ಬರ್ಲಿ ಅಂತ ಮಗೂಗೆ ಔಷಧಿ ಹಾಕೋದಾ? ಉಸಿರಿಗೇ ಕುತ್ತು ಬರತ್ತೆ! ಮಾತು ಬರ್ದೋಳು ಅರ್ಜಿ ಕೊಡೋದು ಅಳುವಿನಲ್ಲೇ. ಅರ್ಜಿ ಓದೋದು ಬಿಟ್ಟು ಬಾಯಿ ಮುಚ್ಚಿಸ್ತೀರಾ?"

"ಹಾಗಾದ್ರೆ ನನ್ನ ಮಡಿಲಲ್ಲಿ ಕೂರಿಸ್ಕೋತೀನಿ. ಅವನ ಕೈಯಿಂದ ಜಾರಿದ್ಲು, ಸರಿ. ನನ್ನ ಕೈ ಬೇರೆ. ನಾಲ್ಕು ಹೆತ್ತಿದೀನಿ, ಒಂದನ್ನೂ ಬೀಳಿಸಿಲ್ಲ."

"ಆಯ್ತು. ಮನೇಲಿ ಹತ್ತು ಕಿಲೋ ಹಿಟ್ಟಿನ ಚೀಲ ಇದೆಯಾ?"

ಮಗುವನ್ನು ಅಪ್ಪನ ಕೈಗೆ ಕೊಟ್ಟು, ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಮಡಿಲಿಗೆ ಚೀಲ. ಅಜ್ಜಿ ಅದನ್ನು ಎರಡೂ ಕೈಯಲ್ಲಿ ಅಪ್ಪಿ ಹಿಡಿದರು. ಸೊಸೆ ಖಾಲಿ ಬೀದಿಯಲ್ಲಿ ಸೈಕಲ್ಲಿನ ವೇಗಕ್ಕೆ ಕಾರು ಓಡಿಸಿ ಬ್ರೇಕು ಒತ್ತಿದಳು, ಅಷ್ಟೇ! ಚೀಲ ಕೈಯಿಂದ ಹಾರಿ ಮುಂದಿನ ಸೀಟಿನ ಬೆನ್ನಿಗೆ ಬಡಿದು ಒಡೆಯಿತು. ಕಾರಿನ ತುಂಬ ಹಿಟ್ಟಿನ ಮೋಡ. ಇಳಿದ ಅಜ್ಜಿಯ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗೆ. ಬೀದಿಯೆಲ್ಲ ನಕ್ಕಿತು. ಅಜ್ಜಿ ನಗಲಿಲ್ಲ. ತಮ್ಮ ಎರಡು ಅಂಗೈ ನೋಡಿಕೊಂಡು ನಿಂತರು.

"ಗಟ್ಟಿಯಾಗೇ ಹಿಡ್ದಿದ್ದೆ ಕಣೇ" ಎಂದರು.

"ಗೊತ್ತು ಅಜ್ಜಿ. ಪ್ರೀತಿ ಎಷ್ಟೇ ಗಟ್ಟಿ ಇದ್ರೂ ಬ್ರೇಕಿನ ಮುಂದೆ ಕೈ ಸೋಲತ್ತೆ. ಅದಕ್ಕೇ ಸೀಟು ಬೇಕು."

ಅಪ್ಪನ ಎದೆ ಉಬ್ಬಿತು. "ನಾನು ಹೊಲಿದಿರೋ ಸೀಟು ನೋಡಿ ನರ್ಸಕ್ಕ, ಒಳಗೆ ಮೂರು ಪದರ ಸ್ಪಂಜು."

ನರ್ಸಕ್ಕ ಮಗುವನ್ನು ಅದರಲ್ಲಿ ಕೂರಿಸಿ ಬಕಲ್ ಹಾಕಿದಳು. ಭುಜದ ಹತ್ತಿರ ಪಟ್ಟಿಯನ್ನು ಎರಡು ಬೆರಳಲ್ಲಿ ಚಿವುಟಿದಳು. ಬೇಕಾದಷ್ಟು ಪಟ್ಟಿ ಬೆರಳ ನಡುವೆ ಮಡಚಿಕೊಂಡು ಬಂತು. ಮಗುವಿನ ಬೆನ್ನ ಹಿಂದೆ ಕೈ ತೂರಿಸಿ ತೆಗೆದು ಅವನ ಮುಂದೆ ಹಿಡಿದಳು. ಅಂಗೈ ಒದ್ದೆ.

"ಐದು ನಿಮಿಷಕ್ಕೇ ಇಷ್ಟು ಬೆವರು. ಮಖಮಲ್ಲಿನಲ್ಲಿ ಬೆಂದು ಹೋಗ್ತಿದಾಳೆ ನಿನ್ನ ಮಗಳು. ಜೋರಾಗಿ ಬ್ರೇಕು ಬಿದ್ರೆ ಸ್ಪಂಜು ಅಪ್ಪಚ್ಚಿ ಆಗತ್ತೆ, ಪಟ್ಟಿ ಸಡಿಲ ಆಗತ್ತೆ, ಮಗು ಹೊರಗೆ ಜಾರತ್ತೆ. ಸೀಟಿನ ಜೊತೆ ಬಂದಿದ್ದು ಬಿಟ್ಟು ಬೇರೇನೂ ಸೇರಿಸ್ಬಾರ್ದಪ್ಪಾ."

ಅಪ್ಪ ಹಳದಿ ದಾರವನ್ನೊಮ್ಮೆ ಸವರಿದ. ಆಮೇಲೆ ಸಣ್ಣ ಕತ್ತರಿ ತಂದು, ತಾನೇ ಹಾಕಿದ ಹೊಲಿಗೆಯನ್ನು ತಾನೇ ಒಂದೊಂದಾಗಿ ಬಿಚ್ಚಿದ. ಕೊನೆಯ ಪದರ ಕಿತ್ತು, ಮಗುವನ್ನು ಮತ್ತೆ ಕೂರಿಸಿ ಪಟ್ಟಿ ಎಳೆದು ಬಿಗಿದಾಗ ಅದು ಭುಜಕ್ಕೆ ಸರಿಯಾಗಿ ಕೂತಿತು. ಈಗ ಚಿವುಟಿದರೆ ಬೆರಳು ಜಾರಿತು, ಪಟ್ಟಿ ಮಡಚಲಿಲ್ಲ!

ನರ್ಸಕ್ಕ ಸೀಟನ್ನು ತಿರುಗಿಸಿ, ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಬರುವಂತೆ ಬಿಗಿದಳು. "ಎರಡು ವರ್ಷ ತುಂಬೋವರ್ಗಾದ್ರೂ ಹೀಗೇ ಇರ್ಲಿ. ಯಾವಾಗ್ಲೂ ಹಿಂದಿನ ಸೀಟಲ್ಲೇ."

"ಇನ್ನೂ ಅತ್ರೆ?" ಎಂದಳು ಅಮ್ಮ.

"ಅಳ್ತಾಳೆ. ಕ್ರೇನು ನೀನು ಒಂದೇ ದಿನಕ್ಕೆ ಕಲಿತ್ಯಾ? ಇವಳಿಗೂ ತರಬೇತಿ ಕೊಡು."

ಹತ್ತು ದಿನ ತರಬೇತಿ ನಡೆಯಿತು. ಮೊದಲು ಸೀಟು ಮನೆಯೊಳಗೇ ಬಂತು. ಮಗು ಅದರಲ್ಲಿ ಬಟ್ಟೆಯ ಗೊಂಬೆ ಕೂರಿಸಿ 'ಟಕ್' ಎಂದು ಬಕಲ್ ಹಾಕಿತು. ನಾಲ್ಕನೇ ದಿನ ನಿಂತ ಕಾರಿನಲ್ಲಿ ಹಾಡು. ಏಳನೇ ದಿನ ಬೀದಿಯ ಕೊನೆಯವರೆಗೆ ಸವಾರಿ. ಹತ್ತನೇ ದಿನ ಅರ್ಧ ಗಂಟೆ. ನಡುವೆ ಒಂದು ದಿನ ಹಾರನ್ ಮೊಳಗಿತು, ಎಲ್ಲರೂ ಬೆವೆತರು, ಆದರೆ ಮಾರನೆಯ ದಿನ ಮತ್ತೆ ಹೊರಟರು.

ಹೊರಡುವ ದಿನ ಮಗುವಿಗೆ ಹೊಟ್ಟೆ ಬಿರಿಯೆ ತಿನ್ನಿಸಲಿಲ್ಲ. ಹಗುರ ತಿಂಡಿ ಕೊಟ್ಟು, ಮುಕ್ಕಾಲು ಗಂಟೆ ಬಿಟ್ಟು, ಅವಳ ಮಧ್ಯಾಹ್ನದ ನಿದ್ದೆಯ ಹೊತ್ತಿಗೆ ಸರಿಯಾಗಿ ಹೊರಟರು. ಕಿಟಕಿಗೆ ಅಪ್ಪ ಹೊಲಿದ ತೆಳು ನೆರಳುಪರದೆ. ಅವನ ಕೈಚಳಕಕ್ಕೆ ಸರಿಯಾದ ಜಾಗ ಅಲ್ಲಿತ್ತು. ಸ್ಟೇರಿಂಗ್ ಹಿಡಿದವಳು ಅಮ್ಮ, ಹಿಂದೆ ಮಗುವಿನ ಪಕ್ಕ ಅಜ್ಜಿ. ಒಂದೂವರೆ ಗಂಟೆಗೊಮ್ಮೆ ಕಾರು ನಿಲ್ಲುತ್ತಿತ್ತು. ಮಗು ಹಾಲು ಕುಡಿದು, ಹುಲ್ಲಿನ ಮೇಲೆ ಓಡಿ, ಅಪ್ಪನನ್ನೂ ಓಡಿಸುತ್ತಿತ್ತು.

ಐದನೇ ಗಂಟೆಗೆ ಬಂತು ಅಳು. ಮುಖ ಕೆಂಪಾಗಿ, ಕಾಲು ಝಾಡಿಸಿ, ಕಾರಿನ ಗಾಜು ಅದುರುವ ಹಾಗೆ. ಮುಂದೆ ಕೂತಿದ್ದ ಅಪ್ಪನ ಕೈ ತಾನಾಗಿ ಹಿಂದಕ್ಕೆ, ಬಕಲ್ಲಿನ ಕಡೆಗೆ ಚಾಚಿತು.

ಆ ಕೈಗೆ ಫಟ್ಟೆಂದು ಒಂದು ಏಟು ಬಿತ್ತು.

"ಹಿಟ್ಟಿನ ಚೀಲ ಮರೆತ್ಯೇನೋ?" ಅಜ್ಜಿ ಗುಡುಗಿದರು. "ಮೊದ್ಲು ಗಾಡಿ ನಿಲ್ಲಲಿ, ಆಮೇಲೆ ಮಗು!"

ಅಮ್ಮ ರಸ್ತೆ ಬಿಟ್ಟು ಪೆಟ್ರೋಲ್ ಬಂಕಿನೊಳಗೆ ಕಾರು ನಿಲ್ಲಿಸಿದಳು. ಆಗ ಮಗು ಹೊರಗೆ ಬಂತು. ನೋಡಿದರೆ ಬಟ್ಟೆ ಒದ್ದೆ. ಅರ್ಜಿಯಲ್ಲಿ ಇದ್ದದ್ದು ಅಷ್ಟೇ! ಬಟ್ಟೆ ಬದಲಾಯಿತು, ಅಳು ನಿಂತಿತು. ಎಂಟು ಗಂಟೆಯ ದಾರಿ ಹತ್ತು ಗಂಟೆಯಾಯಿತು. ಆಗಲಿ ಬಿಡಿ. ಪರೀಕ್ಷೆ ಇದ್ದದ್ದು ಮಾರನೆಯ ದಿನ.

ಬೆಳಿಗ್ಗೆ ಬಂದರಿನ ಬೇಲಿಯಾಚೆ ನಾಲ್ಕಂತಸ್ತಿನ ಎತ್ತರಕ್ಕೆ ಕ್ರೇನು. ಅಮ್ಮ ಏಣಿ ಹತ್ತಿ ಗಾಜಿನ ಗೂಡಿನಲ್ಲಿ ಕೂತು, ಪಟ್ಟಿ ಎಳೆದು ಬಿಗಿದುಕೊಂಡಳು. ಕೆಳಗೆ ಅಪ್ಪನ ಹೆಗಲ ಮೇಲಿದ್ದ ಹಾರನ್ ಮರಿ ಬೆರಳು ತೋರಿಸಿ ಲಾರಿಯ ಗಂಟಲಲ್ಲಿ ಕೂಗಿತು: "ಅಮ್ಮಾ... ಟಕ್!"

ಕ್ರೇನು ಎತ್ತಿದ ಮೊದಲ ಪೆಟ್ಟಿಗೆ ಒಂದಿಷ್ಟೂ ತೂಗಾಡದೆ ಹಡಗಿಗೆ ಇಳಿಯಿತು. ಅಜ್ಜಿ ಅಕ್ಕಪಕ್ಕದವರಿಗೆಲ್ಲ ಹೇಳಿದರು, "ನನ್ನ ಸೊಸೆ!"

ಓದುತ್ತಿರುವ ಅಕ್ಕ, ಅಣ್ಣ, ಅಜ್ಜ, ಅಜ್ಜಿ, ಈ ಮಾತು ನಿಮಗೇ. ಮಗುವಿನ ಅಳುವಿಗೆ ಹೆದರಿ ಹೆಂಗಸಿನ ದಾರಿ ಮುಚ್ಚಬೇಡಿ. ಅಳು ನಿಲ್ಲಿಸಲು ಬಕಲ್ ಬಿಚ್ಚಬೇಡಿ, ಔಷಧಿಯ ಬಾಟಲಿ ತೆರೆಯಬೇಡಿ. ಇವತ್ತೇ ಹೋಗಿ ನಿಮ್ಮ ಮಗುವಿನ ಭುಜದ ಪಟ್ಟಿಯನ್ನು ಚಿವುಟಿ ನೋಡಿ. ಮಡಚಿಕೊಂಡು ಬಂದರೆ ಬಿಗಿ ಮಾಡಿ, ಹೊಂದದಿದ್ದರೆ ತಿಳಿದವರನ್ನು ಕೇಳಿ. ದಾರಿಯಲ್ಲಿ ಹತ್ತು ಸಲ ನಿಲ್ಲಿಸಬೇಕಾದರೆ ಹತ್ತು ಸಲ ನಿಲ್ಲಿಸಿ. ತಡವಾಗಿ ಬಂದಿರೆಂದು ಯಾರಾದರೂ ಮೂತಿ ತಿರುಗಿಸಿದರೆ, ಅವರ ಮಡಿಲಿಗೆ ಒಂದು ಹಿಟ್ಟಿನ ಚೀಲ ಕೊಟ್ಟು ಕಾರು ಹತ್ತಿಸಿ!