ಸೋಲುವವರಿಗೆ ಗಂಜಿ

"ಸಾಯ್ಲಿಕ್ಕೂ ಬರುದಿಲ್ವಾ ನಿಮಗೆ, ಬೇವರ್ಸಿಗಳೇ! ಕೋವಿ ಹೊಡೆದ ಕೂಡ್ಲೇ ದೊಪ್ಪಂತ ಬೀಳ್ಬೇಕು. ಹೆಗಲಿನ ಬೈರಾಸು ಹಾಸಿಕೊಂಡು, ಜಾಗ ನೋಡಿ ಮಲಗುದಾ?"

ಯಶ್ವಂತ್ ಧಣಿ ಪ್ಲಾಸ್ಟಿಕ್ ಕುರ್ಚಿ ಹತ್ತಿ ಬೊಬ್ಬೆ ಹೊಡೆಯುತ್ತಿದ್ದರು. ಎದೆಗೆ ತಗಡಿನ ಕವಚ, ಕೆಳಗೆ ಹೂವಿನ ಬರ್ಮುಡಾ. ಎದುರಿನ ಹೊಯಿಗೆಯಲ್ಲಿ, ಬಿಸಿ ಮರಳಿನ ಮೇಲೆ, ಧರ್ಮಪಾಲ ತಲೆಗೆ ಕೋಳಿಗರಿ ಸಿಕ್ಕಿಸಿಕೊಂಡು ಸತ್ತು ಬಿದ್ದಿದ್ದ. ಬೆಳಿಗ್ಗೆಯಿಂದ ಸತ್ತು ಸತ್ತು ಅವನ ಸೊಂಟ ಹಿಡಿದುಕೊಂಡಿತ್ತು.

"ಧಣಿ, ಇಲ್ಲಿ ಏಡಿ ಉಂಟು. ಕಚ್ತದೆ."

"ಹೆಣಕ್ಕೆ ಏಡಿ ಕಚ್ಚಿದ್ರೆ ಗೊತ್ತಾಗ್ತದಾ, ಮಂಗ?"

ಅಂದು ಸಂಜೆ ಕಾಪು ಕಡಲ ಬದಿಯಲ್ಲಿ ಧಣಿಯ ರೆಸಾರ್ಟಿನ ಉದ್ಘಾಟನೆ; ಅದಕ್ಕೊಂದು ನಾಟಕದ ಅಭ್ಯಾಸ ಇದು. ಯಕ್ಷಗಾನ ಇಟ್ಟರೆ ಮುಂಬೈ, ದುಬೈಯ ಅತಿಥಿಗಳಿಗೆ ಹೊಸತೇನು ಕಂಡೀತು? ಮೆಕ್ಸಿಕೋ ಸುತ್ತಿ ಬಂದ ಮೇಲೆ ಧಣಿಗೆ ಒಂದೇ ಹುಚ್ಚು: ಸ್ಪೇನಿನವರು ಅಲ್ಲಿಯ ಅಜ್ಟೆಕ್ ರಾಜ್ಯ ಗೆದ್ದ ಕಥೆ ಇಲ್ಲಿ ಆಡಬೇಕು, ಗೆಲ್ಲುವ ದಂಡನಾಯಕ ತಾನೇ ಆಗಬೇಕು. ಆಡಿಸಲಿಕ್ಕೆ ಮಣಿಪಾಲದಲ್ಲಿ ಇತಿಹಾಸ ಕಲಿಸುವ ನೆವಿಲ್ ಸರ್ ಬಂದಿದ್ದರು. ಅಜ್ಟೆಕರಾಗಿ ಸೋಲಲಿಕ್ಕೆ ಧರ್ಮಪಾಲನಂಥ ಕಾಪುವಿನ ಮೀನುಗಾರರು ಇದ್ದೇ ಇದ್ದರು.

ಧರ್ಮಪಾಲ ಸುಮ್ಮನೆ ಸಾಯಲು ಒಪ್ಪಿದವನಲ್ಲ. ಇದೇ ಹೊಯಿಗೆಯಲ್ಲಿ ಅಜ್ಜನ ಕಾಲದಿಂದ ಕೈರಂಪಣಿ ಬಲೆ ಎಳೆಯುತ್ತಿದ್ದರು. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಸುತ್ತುಹಾಕಿ ಬಿಟ್ಟು, ಎರಡು ತುದಿಯ ಹಗ್ಗವನ್ನು ಎರಡು ತಂಡ ದಡದಿಂದ ಎಳೆಯಬೇಕು. ಒಂದು ತುದಿ ಕಾಪುವಿನವರದು, ಇನ್ನೊಂದು ಪಕ್ಕದ ಪಡುಬಿದ್ರಿಯವರದು. ಈಗ ಧಣಿ ಅಲ್ಲಿಗೆ ಬೇಲಿ ಹಾಕುತ್ತಿದ್ದರು. "ನಾಟಕ ಚಂದ ಆದ್ರೆ ಜಾಗ ನಿನ್ನ ಊರಿನವರಿಗೆ ಬಿಡ್ತೇನೆ. ಪಡುಬಿದ್ರಿಯವರಿಗೆ ಹೇಳ್ಬೇಡ," ಎಂದು ಅವನ ಹೆಗಲ ಮೇಲೆ ಕೈಯಿಟ್ಟು ಹೇಳಿದ್ದರು. ಧಣಿಯ ಕೈ ಹೆಗಲ ಮೇಲೆ ಬಿದ್ದದ್ದೇ ತಡ, ಧರ್ಮಪಾಲ ಕರಗಿಹೋಗಿದ್ದ. ಅಂದಿನಿಂದ ಹೆಂಡತಿ ಸರಸಳ ಅಣ್ಣ, ಪಡುಬಿದ್ರಿಯ ಬೂಬನ ಜತೆ ಮಾತು ಬಿಟ್ಟಿದ್ದ. ಬಲೆ ಕೊಟ್ಟಿಗೆಯಲ್ಲಿ ಬಿದ್ದಿತ್ತು.

ಬೂಬನ ತಂಡಕ್ಕೂ ನಾಟಕದಲ್ಲಿ ವೇಷವಿತ್ತು. ಅಜ್ಟೆಕರ ಮೇಲೆ ಹಗೆ ಸಾಧಿಸಲು ಸ್ಪೇನಿನವರ ಜತೆ ಸೇರಿದ ನೆರೆಯವರು ಅವರು. ಆ ಜನರ ಹೆಸರು ಯಾರ ನಾಲಿಗೆಗೂ ಹೊರಳದೆ, 'ಪಕ್ಕದ ಊರಿನವರು' ಎಂದೇ ಕರೆಯುತ್ತಿದ್ದರು.

ಮಧ್ಯಾಹ್ನ ಊಟಕ್ಕೆ ಎರಡು ಪೆಂಡಾಲು. ಪಕ್ಕದ ಊರಿನವರಿಗೆ ನೀರುದೋಸೆ, ಕೋಳಿ ಸುಕ್ಕ. ಅಜ್ಟೆಕರಿಗೆ ಗಂಜಿ, ಉಪ್ಪಿನಕಾಯಿ.

"ಸೋಲುವವರ ಮುಖ ಬಾಡಿರ್ಬೇಕು," ಎಂದು ಧಣಿ ವಿವರಿಸಿದರು. "ಕಲೆ ಅಂದ್ರೆ ಹಾಗೆ."

ಧರ್ಮಪಾಲ ಗಂಜಿ ಉಣ್ಣುತ್ತಾ ನೆವಿಲ್ ಸರ್ ಅವರನ್ನು ಕೇಳಿದ, "ಸರ್, ಹಡಗಿನಲ್ಲಿ ಬಂದದ್ದು ನಾಲ್ಕು ಜನ. ಇವರು ಊರು ತುಂಬ ಇದ್ರು. ಸೋತದ್ದು ಹೇಗೆ?"

"ಕೋವಿ, ಕುದುರೆ, ಕಬ್ಬಿಣ ಎಲ್ಲ ಇತ್ತು. ಸಿಡುಬು ಬಂದು ಲೆಕ್ಕ ಇಲ್ಲದಷ್ಟು ಜನ ಸತ್ರು," ಎಂದರು ನೆವಿಲ್. "ಆದ್ರೆ ಅಷ್ಟರಿಂದಲೇ ಆಗ್ತಿರಲಿಲ್ಲ. ಅಜ್ಟೆಕರಿಗೆ ಕಪ್ಪ ಕೊಟ್ಟು ಕೊಟ್ಟು ಪಕ್ಕದವರಿಗೆ ಹೊಟ್ಟೆ ಉರಿದಿತ್ತು. ಯುದ್ಧ ಮಾಡಿದ ದೊಡ್ಡ ದಂಡು ಅವರದೇ."

"ಗೆದ್ದ ಮೇಲೆ ಪಕ್ಕದವರಿಗೆ ಎಂತ ಸಿಕ್ಕಿತು?"

ನೆವಿಲ್ ಧಣಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಸ್ವಲ್ಪ ಕಾಲ ಮರ್ಯಾದೆ ಸಿಕ್ಕಿತು. ಮತ್ತೆ ಅವರ ತಲೆ ಮೇಲೂ ಅದೇ ಸ್ಪೇನಿನ ರಾಜ ಕೂತ."

ಅಡುಗೆ ಬಡಿಸುತ್ತಿದ್ದ ಸರಸಳಿಗೆ ಇದೆಲ್ಲ ಕೇಳಿಸಿತು. ಅವಳು ಸುಕ್ಕದ ಪಾತ್ರೆಯನ್ನು ಸೊಂಟದಲ್ಲಿಟ್ಟುಕೊಂಡು ನೇರ ಅಣ್ಣನ ಮುಂದೆ ಹೋಗಿ ನಿಂತಳು.

"ಅಣ್ಣ, ನಿಂಗೆ ಧಣಿ ಎಂತ ಕೊಡ್ತೇನೆ ಅಂದಿದ್ದಾರೆ? ನನ್ನ ತಲೆ ಮೇಲೆ ಕೈಯಿಟ್ಟು ಹೇಳು."

ಬೂಬ ಕೋಳಿಯ ಎಲುಬು ಬಾಯಲ್ಲೇ ಇಟ್ಟುಕೊಂಡು ನುಂಗಲೂ ಆಗದೆ ಉಗುಳಲೂ ಆಗದೆ ಕೂತ. "ಈ ಹೊಯಿಗೆ. ನಾವು ಅವರ ಬದಿ ನಿಂತ್ರೆ ಜಾಗ ನಮಗೆ ಅಂತ. ಕಾಪುವಿನವರಿಗೆ ಹೇಳ್ಬೇಡಿ ಅಂತ."

"ಥೂ, ನಿನ್ನ ಭಾವನಿಗೂ ಅದೇ ಹೊಯಿಗೆ ಕೊಡ್ತೇನೆ ಅಂದಿದ್ದಾನೆ ಆ ಬೋಳಿಮಗ!" ಎಂದು ಸರಸ ಕೂಗಿದಳು.

ಧರ್ಮಪಾಲನಿಗೆ ಮೊದಲು ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ತಿಂಗಳುಗಟ್ಟಲೆ ಭಾವನ ಮುಖ ನೋಡದೆ ತಿರುಗಿದ್ದು ಇದಕ್ಕಾಗಿಯೇ? ಅವನು ಗಂಜಿಯ ಬಟ್ಟಲು ಹಿಡಿದುಕೊಂಡೇ ಹೋಗಿ ಬೂಬನ ಪಕ್ಕದಲ್ಲಿ ಕುಕ್ಕರಿಸಿದ. ಬೂಬ ಅವನ ಬಟ್ಟಲಿಗೆ ಎರಡು ತುಂಡು ಸುಕ್ಕ ಹಾಕಿದ.

"ಬಲೆ ಎಲ್ಲುಂಟು, ಭಾವ?" ಬೂಬ ಕೇಳಿದ.

"ಕೊಟ್ಟಿಗೆಯಲ್ಲಿ. ಇಲಿ ಕಡಿಯದಿದ್ರೆ ಸರಿ."

ಸಂಜೆ ಅತಿಥಿಗಳು ಸೋಫಾಗಳಲ್ಲಿ ಕೂತರು. ಮದುವೆ ದಿಬ್ಬಣಕ್ಕೆ ಬಾಡಿಗೆ ಹೋಗುವ ಕುದುರೆ ಸ್ಪೇನಿನ ಕುದುರೆಯಾಗಿ ನಿಂತಿತ್ತು. ಡೋಲು ಬಾರಿಸಿದ ಕೂಡಲೇ ಅದು ಅಭ್ಯಾಸಬಲದಿಂದ ಕುಣಿಯತೊಡಗಿತು. ಕಡಲಿನಲ್ಲಿ ಬಿಳಿ ಹಾಯಿ ಕಟ್ಟಿದ ದೋಣಿ ಕಾಣಿಸಿತು. ಮುಂದೆ ಕತ್ತಿ ಎತ್ತಿ ಹಿಡಿದ ಧಣಿ.

ಅದರ ಹಿಂದಿನಿಂದ ಇನ್ನೊಂದು ಸಣ್ಣ ದೋಣಿ ಸುತ್ತುಹಾಕಿ ಬಲೆ ಬಿಡುತ್ತಾ ಹೋದದ್ದನ್ನು ಅತಿಥಿಗಳು ನಾಟಕವೆಂದೇ ತಿಳಿದು ಚಪ್ಪಾಳೆ ತಟ್ಟಿದರು. ಧಣಿಯ ದೋಣಿ ನಡೆಸುತ್ತಿದ್ದವನು ಪಡುಬಿದ್ರಿಯವನೇ. ಅವನು ಇಂಜಿನು ನಿಲ್ಲಿಸಿ ಬೀಡಿ ಹಚ್ಚಿದ.

ದಡದಲ್ಲಿ ಅಜ್ಟೆಕರು ಬಡಗಣ ಹಗ್ಗ ಹಿಡಿದರು. ಪಕ್ಕದ ಊರಿನವರು ತೆಂಕಣ ಹಗ್ಗ ಹಿಡಿದರು.

"ಐಸಾ!" ಎಂದ ಬೂಬ.

"ಐಸಾ!" ಎಂದು ಎಳೆದ ಧರ್ಮಪಾಲ. ಕೋಳಿಗರಿ ಕಣ್ಣಿಗೆ ಬಿದ್ದರೂ ತೆಗೆಯಲು ಅವನಿಗೆ ಕೈ ಬಿಡುವಿರಲಿಲ್ಲ.

ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಮೀನಿನ ಪಾಲು ಸಿಗುವುದು ಕೈರಂಪಣಿಯ ಪದ್ಧತಿ. ಅದನ್ನು ಸರಸ ಕೂಗಿ ಹೇಳಿದ್ದೇ, ದುಬೈಯ ಇಬ್ಬರು ಅತಿಥಿಗಳು ಬೂಟು ಬಿಚ್ಚಿ ಓಡಿ ಬಂದರು. ನೆವಿಲ್ ಸರ್ ಆಚೆ ಈಚೆ ನೋಡಿ ಒಂದು ಕೈ ಹಾಕಿದರು. ದೋಣಿ ಬಲೆಯೊಳಗೆ ಅಡ್ಡಡ್ಡ ತಿರುಗಿ ವಾಲಿತು. ದಂಡನಾಯಕರು ದೊಪ್ಪಂತ ಎದೆಮಟ್ಟದ ನೀರಿಗೆ, ಪಿತಪಿತ ಹಾರುವ ಬೂತಾಯಿ ಮೀನಿನ ನಡುವೆ ಬಿದ್ದರು.

"ಹಗ್ಗ ಬಿಡಿ, ನಾಯಿಗಳೇ! ಪೊಲೀಸರನ್ನು ಕರೆಸ್ತೇನೆ!"

ಎರಡೂ ತಂಡಗಳು ಹಗ್ಗ ಬಿಗಿಯಾಗಿಟ್ಟುಕೊಂಡು ನಿಂತವು. ಮುಂದೆ ಎಳೆಯಲಿಲ್ಲ, ಹಿಂದೆ ಬಿಡಲಿಲ್ಲ. ತೆರೆಯೊಂದು ಬಂದು ಧಣಿಯ ಬಾಯಿಗೆ ಉಪ್ಪುನೀರು ನುಗ್ಗಿಸಿ ಹೋಯಿತು.

"ಆಯ್ತು ಮಾರಾಯ! ಬೇಲಿ ಹಾಕುದಿಲ್ಲ. ಜಾಗ ಬಿಡ್ತೇನೆ!"

"ಯಾರಿಗೆ ಧಣಿ?" ಧರ್ಮಪಾಲ ಕೇಳಿದ. "ಎಲ್ಲರಿಗೂ ಕೇಳುವ ಹಾಗೆ ಹೇಳಿ."

ಧಣಿ ಬಡಗಣ ಹಗ್ಗದ ಕಡೆ ನೋಡಿದರು, ತೆಂಕಣ ಹಗ್ಗದ ಕಡೆ ನೋಡಿದರು. ಯಾರ ಕಿವಿಯಲ್ಲಿ ಹೇಳುವುದೆಂದು ಹುಡುಕುವವರ ಹಾಗೆ ಬಾಯಿ ತೆರೆದು ಮುಚ್ಚಿದರು.

"ಐಸಾ!" ಎಂದ ಬೂಬ.