ಕೊನೆಯ ಸಾಲಿನ ಕೈ

"ನಿಲ್ಲೇ ಎಕ್ಸ್‌ಪ್ರೆಸ್ಸು! ಕೈ ಎಲ್ಲಿ ಎದ್ದಿದೆ?"

ನಾಟಕ ಕಲಿಸುವ ಅಕ್ಕ ಕೂಗಿದ್ದೇ ಹುಡುಗಿ ನಾಲಿಗೆಗೆ ಬ್ರೇಕ್ ಹಾಕಿ ನಿಂತಳು. ಎಂಟೇ ಸಾಲಿನ ಆ ಪುಟ್ಟ ರಂಗಮಂದಿರದ ಕೊನೆಯ ಕುರ್ಚಿಯಲ್ಲಿ ಲೈಟಿನವನು ಕೈಕಟ್ಟಿ ಕೂತು ಹಲ್ಲು ಕಿರಿಯುತ್ತಿದ್ದ. ನಾಟಕದಕ್ಕನ ಕಟ್ಟಳೆಯೇ ಹಾಗೆ: ಒಂದು ಸಾಲು ಹೇಳಬೇಕು, ಅದು ಕೊನೆಯ ಕುರ್ಚಿಗೆ ಮುಟ್ಟಿ ಅಲ್ಲಿದ್ದವರು ಕೈ ಎತ್ತಿದ ಮೇಲೇ ಮುಂದಿನ ಸಾಲು.

ಮೂರು ತಿಂಗಳ ಈ ತರಬೇತಿಗೆ ಶಾಲೆಯವರು ಆರಿಸಿ ಕಳಿಸಿದ ಹನ್ನೆರಡು ಮಂದಿ ಜಾಣರಿಗೂ ಇದು ಕಬ್ಬಿಣದ ಕಡಲೆ. ಗಂಟೆ ಹೊಡೆಯುವುದರೊಳಗೆ ಒಪ್ಪಿಸಿ ಮುಗಿಸುವುದೇ ಅವರಿಗೆ ಗೊತ್ತಿದ್ದದ್ದು. ತಾವೇ ಬರೆದ ಕವಿತೆಯನ್ನೂ ಮಗ್ಗಿಯಂತೆ ಒದರುತ್ತಿದ್ದರು. ಹುಡುಗಿಯಂತೂ ಮೊದಲ ದಿನ, ಹಾಳೆಯ ಅಂಚಿನಲ್ಲಿ ಬರೆದುಕೊಂಡಿದ್ದ "ಇಲ್ಲಿ ಎರಡು ಕ್ಷಣ ಮೌನ" ಎಂಬುದನ್ನೂ ಬಿಡದೆ ಗಟ್ಟಿಯಾಗಿ ಹೇಳಿದ್ದಳು.

"ಮೌನಕ್ಕೂ ಮಾರ್ಕ್ಸ್ ಇದೆ ಅಂದ್ಕೊಂಡ್ಯೇನೇ?" ಅಂದಿದ್ದಳು ನಾಟಕದಕ್ಕ.

ಎಲ್ಲರೊಂದಿಗೆ ಹುಡುಗಿಯೂ ನಕ್ಕಿದ್ದಳು. ಆದರೆ ಅವಳಿಗೆ ಬೇಕಾಗಿದ್ದದ್ದು ಬೇರೆ. ತಗಡಿನ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷ ಸುತ್ತಿಗೆ ಬಡಿದ ಅಪ್ಪನಿಗೆ ಈಗ ಕಿವಿ ಕೇಳಿಸದು. ತುಟಿ ನೋಡಿ ಮಾತು ಹಿಡಿಯುತ್ತಿದ್ದ. ಶಾಲೆಯ ಸಮಾರಂಭಗಳಿಗೆ ತಪ್ಪದೆ ಬರುತ್ತಿದ್ದ. ಮೈಕಿನ ಹಿಂದೆ ಬಾಯಿ ಮರೆಯಾಗಿ ಪಟಪಟನೆ ಮಾತಾಡುವ ಮಗಳನ್ನು ನೋಡಿ, ಪಕ್ಕದವರು ಚಪ್ಪಾಳೆ ತಟ್ಟಿದಾಗ ತಾನೂ ತಟ್ಟಿ ಹೋಗುತ್ತಿದ್ದ. ಈ ಕವಿತೆ ಅವನಿಗೆಂದೇ ಬರೆದದ್ದು; ಅದರ ಒಂದು ಸಾಲಾದರೂ ಅವನಿಗೆ ಮುಟ್ಟಬೇಕಿತ್ತು.

ಪ್ರದರ್ಶನದ ಮಧ್ಯಾಹ್ನ ಅಪ್ಪ ಪಾಳಿ ಮುಗಿಸಿ ನೇರ ಬಂದ.

"ಮುಂದೆ ಕೂತ್ಕೋ ಅಪ್ಪಾ."

"ಈ ಮಸಿ ಬಟ್ಟೇಲಾ? ಹಿಂದೇನೇ ಸರಿ, ಹೋಗು."

"ಹಾಗಾದ್ರೆ ಕೈ ಎತ್ತೋ ಕೆಲಸ ನಿಂದೇ. ಅರ್ಥ ಆದ್ರೆ ಮಾತ್ರ ಎತ್ತು. ಮಗಳು ಅಂತ ಸುಮ್ಸುಮ್ನೆ ಎತ್ಬೇಡ."

"ನಿಮ್ಮಮ್ಮನ ಥರಾನೇ ಆರ್ಡರ್ ಮಾಡ್ತೀಯ ನೋಡು," ಎಂದು ಅಪ್ಪ ನಕ್ಕ.

ಹುಡುಗಿ ದೀಪದಡಿ ನಿಂತಳು. ಮೈಕ್ ಇರಲಿಲ್ಲ.

"ಸದ್ದನ್ನೆಲ್ಲ ನೀನೇ ನುಂಗಿದೆ, ಅಪ್ಪಾ. ನನಗೆ ಮಾತು ಉಳಿಸಿದೆ."

ಕಾದಳು. ಕೈ ಏಳಲಿಲ್ಲ. ಯಾರೋ ಕೆಮ್ಮಿದರು. ಮುಂದಿನ ಸಾಲು ಹಳೆಯ ಎಕ್ಸ್‌ಪ್ರೆಸ್ಸಿನಂತೆ ನಾಲಿಗೆಯ ತುದಿಗೆ ಬಂದು ಸಿಳ್ಳೆ ಹಾಕಿತು. ಪರದೆಯ ಮರೆಯಲ್ಲಿ ನಾಟಕದಕ್ಕ ಕಣ್ಣಲ್ಲೇ 'ಇರು' ಅಂದಳು. ಮೂರು ತಿಂಗಳು ಅವಳಿಂದ ತಿಂದ ಬೈಗುಳವೆಲ್ಲ ಹುಡುಗಿಗೆ ಆ ಗಳಿಗೆಯಲ್ಲಿ ಹಾಲು ಕುಡಿದಷ್ಟು ಹಿತವಾಯಿತು. ಅಂಥ ಬೈಗುಳ ಕೊಟ್ಟವಳಿಗೆ ಏನು ಕೊಟ್ಟರೂ ತೀರದು. ಹುಡುಗಿ ಕಾದೇ ಇದ್ದಳು.

ಮೊದಲ ಸಾಲಿನಲ್ಲಿ ಕೂತಿದ್ದ ಹೆಡ್‌ಮಾಸ್ತರರಿಗೆ ತಡೆಯಲಾಗಲಿಲ್ಲ. ಎಲ್ಲಿಂದಲೋ ಮೈಕ್ ತಂದು ಮೆಟ್ಟಿಲೇರಿ ಬಂದೇಬಿಟ್ಟರು. ಅವರ ಹೆಗಲಾಚೆ, ಎಂಟನೇ ಸಾಲಿನಲ್ಲಿ, ಮಸಿ ಹತ್ತಿದ ಕೈಯೊಂದು ಮೆಲ್ಲಗೆ ಎದ್ದಿತು. ಎದ್ದದ್ದು ಇಳಿಯಲೇ ಇಲ್ಲ.

"ತಗೋಮ್ಮ," ಎಂದು ಹೆಡ್‌ಮಾಸ್ತರರು ಮೈಕನ್ನು ಅವಳ ಬಾಯಿಗೆ ಹಿಡಿದರು. "ಹಿಂದಿನೋರಿಗೆ ಕೇಳಿಸ್ತಿಲ್ಲ."

ಹುಡುಗಿ ಅದನ್ನು ತುಟಿಯಿಂದ ಆಚೆಗೆ ಸರಿಸಿದಳು.

"ಬೇಡ ಸಾರ್."