ಪುಸ್ತಕದಾಗಿನ ಕಾಲು

ಹಣಮಮ್ಮ ಹಂಡೆಯ ಬಾಯಿಗೆ ಹಳೆಯ ಧೋತರದ ತುಂಡನ್ನು ಎರಡು ಮಡಿಕೆ ಮಾಡಿ ಕಟ್ಟಿದಳು. ಸಡಿಲವಿದ್ದ ಕಡೆ ಇನ್ನೊಮ್ಮೆ ಬಿಗಿದಳು. ನಳದಿಂದ ತಂದ ಕೊಡವನ್ನು ಬಾಗಿಸಿ ನಿಧಾನಕ್ಕೆ ಸುರುವಿದಳು. ಅಂಗಳದಲ್ಲಿ ಕೂತಿದ್ದ ಹೆಂಗಸರು ಮಾತು ನಿಲ್ಲಿಸಿ ಅದನ್ನೇ ನೋಡಿದರು.

“ಸತ್ತಾಕಿ ಮೈ ತೊಳಿಯೋ ನೀರೂ ಸೋಸಾಕತ್ತೀಯಲ್ಲಬೇ! ಆಕಿ ಎದ್ದು ಕುಡೀತಾಳೇನು?” ಎಂದಳು ದೇವಕಮ್ಮ. ಒಂದಿಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

“ಸೋಸದ ನೀರು ಅತ್ತಿ ಮುಟ್ಟತಿದ್ದಿಲ್ರಿ,” ಎಂದಳು ಹಣಮಮ್ಮ, ತಲೆ ಎತ್ತದೆ.

ಅವಳ ಸೋದರತ್ತೆ ಮೋನಮ್ಮನನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಎಡಗಾಲು ಮಾತ್ರ ಮಡಚಿರಲಿಲ್ಲ. ಬದುಕಿದ್ದಾಗಲೂ ಅದು ಮಡಚುತ್ತಿರಲಿಲ್ಲ. ಸೀರೆಯ ಹೊರಗೆ ನೆಟ್ಟಗೆ ಚಾಚಿದ್ದ ಆ ಕಾಲಿನ ಮೀನಖಂಡದ ಮೇಲೆ ಚೇಳಿನ ಹಚ್ಚೆ. ಅದರ ಕೆಳಗೆ ಪಾದದ ಮೇಲಿನ ಹರಡಿನ ಗಂಟಿನ ಹತ್ತಿರ, ಎಂದೋ ಮಾಯ್ದ ಗಾಯದ ಸಣ್ಣ ಗುಣಿ.

ಮೋನಮ್ಮನ ತಮ್ಮ, ಹಣಮಮ್ಮನ ಅಪ್ಪ ಹುಲಗಪ್ಪ ಬಾಗಿಲಿಗೆ ಬಂದು ನಿಂತ. “ಭೀಮಾಬಾಯಕ್ಕಾ, ಮಣ್ಣು ಮಾಡೋ ಕುಣಿ ತಯಾರಾಗ್ಯಾದ. ಕೇರಿಗೆ ಹಿರ್ಯಾಕಿ ನೀನು. ಮೊದಲ ತಂಬಿಗಿ ಹಾಕಿಬಿಡು.”

ಹಿರಿಯಳ ಕೈಯಿಂದ ಮೊದಲ ನೀರು ಬಿದ್ದರೆ ಮಾತ್ರ ಸತ್ತವಳು ಕೇರಿಯವಳಾಗಿ ಮಣ್ಣಿಗೆ ಹೋಗುತ್ತಾಳೆ ಎಂಬುದು ಅಲ್ಲಿಯವರ ನಂಬಿಕೆ.

“ನನ್ನ ಟೊಂಕ ಹಿಡದೈತೋ ತಮ್ಮಾ,” ಎಂದಳು ಭೀಮಾಬಾಯಿ. “ದೇವಕಮ್ಮ ಹಾಕಲಿ.”

“ನಾನ್ಯಾಕ? ಹಿರೇತನ ಮಾಡೋಕ ನೀನು, ನೀರು ಹಾಕೋಕ ನಾನೇನು?”

ಈ ಸಲ ಯಾರೂ ನಗಲಿಲ್ಲ.

*

ಮೋನಮ್ಮ ಹರೆಯದವಳಿದ್ದಾಗ, ಕಾಲುವೆ ತೋಡುತ್ತಿದ್ದ ಕಾಲ. ಕೇರಿಯಲ್ಲಿ ಮನೆಗೊಬ್ಬರಿಗೆ ನಾರುಹುಣ್ಣು. ಕಾಲಿನಿಂದ ಇಣುಕುವ ಬಿಳಿ ಹುಳುವನ್ನು ಕಡ್ಡಿಗೆ ಸುತ್ತಿಕೊಂಡು ಜನ ಕುಂಟುತ್ತ ಕೂಲಿಗೆ ಹೋಗುತ್ತಿದ್ದರು. ಆಗ ಹೈದರಾಬಾದಿನಿಂದ ಒಬ್ಬ ಡಾಕ್ಟರು ಜೀಪಿನಲ್ಲಿ ಬಂದ. ಆ ರೋಗದ ಬಗ್ಗೆ ಬರೆಯುವವನು. ಎಲ್ಲರ ಕಾಲನ್ನೂ ನೋಡಿದ, ಭೀಮಾಬಾಯಿಯ ಕಾಲನ್ನೂ ನೋಡಿದ. ಫೋಟೋ ಅಂದಾಗ ಎಲ್ಲರೂ ಸೀರೆ ಜಗ್ಗಿಕೊಂಡರು. ಮೋನಮ್ಮ ಜಗ್ಗಿಕೊಳ್ಳಲಿಲ್ಲ.

“ನಿಮ್ಮ ಹೆಸರು ಹಾಕೋದಿಲ್ಲಮ್ಮಾ, ಮುಖಾನೂ ಬರೋದಿಲ್ಲ,” ಎಂದ. ಹಾಗೆಯೇ ನಡೆದುಕೊಂಡ. ಹುಳು ನೀರಿನಿಂದಲೇ ಹರಡುತ್ತದೆ, ಹುಣ್ಣಿದ್ದವರು ಬಾವಿಗೆ ಇಳಿಯಬೇಡಿ, ನೀರು ಸೋಸಿ ಕುಡಿಯಿರಿ ಎಂದು ಹೇಳಿ ಹೋದ.

ಮರುವರ್ಷ ಅವನ ಬರಹ ಅಚ್ಚಾದ ಪುಸ್ತಕ ಅಂಚೆಯಲ್ಲಿ ಶಾಲೆಗೆ ಬಂತು. ಜಗದೇವಪ್ಪ ಮಾಸ್ತರರು ಫೋಟೋ ಇದ್ದ ಹಾಳೆಯನ್ನು ಗೋಡೆಗೆ ಅಂಟಿಸಿ, “ನಮ್ಮೂರಿನ ಕಾಲು ವಿಲಾಯತಿತನಕ ಹೋಗ್ಯಾದ,” ಎಂದು ಹಿಗ್ಗಿದರು. ಹೆಸರಿರಲಿಲ್ಲ, ಮುಖವಿರಲಿಲ್ಲ. ಚೇಳಿತ್ತು.

“ಅಷ್ಟು ದೊಡ್ಡ ಡಾಕ್ಟರ ಪುಸ್ತಕದಾಗ ಮತ್ಯಾರ ಕಾಲೈತಿ? ಆಕಿದೊಂದೇ,” ಎಂದರು ಬಾವಿಯ ಬಳಿ ಹೆಂಗಸರು. “ನಾರು ಬಾವಿಗಿ ಬಿಟ್ಟಾಕಿ ಆಕೀನ.” ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವಳು ಭೀಮಾಬಾಯಿ.

ಊರ ಬಾವಿಗೆ ಕೇರಿಯವರು ಯಾರೂ ಇಳಿಯುವಂತಿರಲಿಲ್ಲ. ಇದು ಕೇರಿಯದೇ ಬಾವಿ. ಇಲ್ಲಿಯೂ ಮೋನಮ್ಮ ಮೇಲಿನ ಮೆಟ್ಟಿಲಲ್ಲಿ ನಿಲ್ಲತೊಡಗಿದಳು. “ಒಂದು ಕೊಡ ನೀರು ಹಾಕ್ರೆವ್ವಾ,” ಎನ್ನುತ್ತಿದ್ದಳು. ಹಾಕುವವರು ಹಾಕುತ್ತಿದ್ದರು; ಹೆಚ್ಚಿನವರು ತಮ್ಮ ಕೊಡ ಹೊತ್ತು ಪಕ್ಕದಿಂದ ಹತ್ತಿ ಹೋಗುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ಮೇಲೆ, ತಮ್ಮನ ಮನೆಗೆ ಬಂದಿದ್ದವಳನ್ನು ಗಂಡ ತಿರುಗಿ ಕರೆಯಲಿಲ್ಲ.

ಹುಣ್ಣು ಮಾಯಿತು; ಕಾಲು ಸೆಟೆದೇ ಉಳಿಯಿತು. ಕಾಲುವೆಗೆ ನೀರು ಬಂತು. ನಾರು ಎಂಬುದೇ ಸೀಮೆ ಬಿಟ್ಟು ಹೋಯಿತು. ಬಾವಿಗೆ ಮಣ್ಣು ತುಂಬಿ ನಳ ಹಾಕಿದರು. ನಳಕ್ಕೆ ಇಳಿಯುವ ಮೆಟ್ಟಿಲೇ ಇರಲಿಲ್ಲ. ಆದರೂ ಮೋನಮ್ಮ ದೂರದ ಬೇವಿನ ಕೆಳಗೆ ನಿಂತು, ಎಲ್ಲರೂ ಹೋದ ಮೇಲೆ ಕೊಡ ಇಡುತ್ತಿದ್ದಳು. ಮನೆಗೆ ತಂದು ಸೋಸುತ್ತಿದ್ದಳು.

“ಈಗ ಹುಳ ಎಲ್ಲೈತತ್ತಿ?” ಎಂದು ಹಣಮಮ್ಮ ಒಮ್ಮೆ ಕೇಳಿದ್ದಳು.

“ನೀರಾಗ ಇಲ್ಲಬೇ,” ಎಂದಿದ್ದಳು ಮೋನಮ್ಮ, ಬಟ್ಟೆ ಹಿಂಡುತ್ತ.

*

ಹಣಮಮ್ಮ ಹಂಡೆಯ ಬಟ್ಟೆ ಬಿಚ್ಚಿ, ತಂಬಿಗೆ ಅದ್ದಿದಳು. ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಭೀಮಾಬಾಯಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತಳು. ಇಷ್ಟು ಹತ್ತಿರ ಅವಳು ಎಂದೂ ಕೂತಿರಲಿಲ್ಲ. ಮುದುಕಿಯ ಸೀರೆ ಮೇಲೆ ಸರಿದಿತ್ತು. ಹರಡಿನ ಹತ್ತಿರ ಅತ್ತೆಯ ಕಾಲಿನಲ್ಲಿದ್ದಂಥದೇ ಸಣ್ಣ ಗುಣಿ.

ಹಣಮಮ್ಮ ನೋಡಿದಳು. ಅವಳು ನೋಡಿದ್ದನ್ನು ಭೀಮಾಬಾಯಿ ನೋಡಿದಳು. ಕೈ ಚಾಚಿ ಸೀರೆಯನ್ನು ಪಾದದತನಕ ಎಳೆದುಕೊಂಡು, ಮುಖವನ್ನು ಬೀದಿಯ ಕಡೆ ತಿರುಗಿಸಿದಳು.

ಹೊರಗೆ ಸಾವಿಗೆ ಬಾರಿಸುತ್ತಿದ್ದ ಹಲಗೆಯ ಸದ್ದು ನಿಂತಿತ್ತು. ಗೋಡೆಯ ಬಳಿ ಮೋನಮ್ಮನ ಕಾಲು ಎಲ್ಲರ ನಡುವೆ ಚಾಚಿಕೊಂಡೇ ಇತ್ತು. ಹಣಮಮ್ಮ ತಂಬಿಗೆಯನ್ನು ಇನ್ನೂ ಮುಂದಕ್ಕೆ ಚಾಚಿದಳು; ನೀರು ತುಳುಕಿ ಅವಳ ಮುಂಗೈಗುಂಟ ಇಳಿದು ಮೊಳಕೈಯಿಂದ ನೆಲಕ್ಕೆ ತೊಟ್ಟಿಕ್ಕಿತು.

“ದೊಡ್ಡವ್ವಾ, ನಮ್ಮತ್ತಿಗಿ ಒಂದು ತಂಬಿಗಿ ನೀರು ಹಾಕ್ರಿ.”